ಹಾಡೇ ನಮ್ಮ ಹಕ್ಕುಪತ್ರ

ಕೊರೋನಾ ಬಂದ 2020, 21ರಲ್ಲಿ ಜಾತ್ರೆ, ಮೇಳ, ಸಂತೆ ಎಲ್ಲಾ ನಿಂತುಹೋದವು. ಆಗ ಆದಿವಾಸಿ ಸಂಗೀತೋತ್ಸವಗಳೂ ಮೊಬೈಲಿನ ಒಳಕ್ಕೆ ಬಂದವು. ಈಗಲೂ ಆಗಸ್ಟ್ 9, ವಿಶ್ವ ಆದಿವಾಸಿ ದಿನ ಬಂತೆಂದರೆ ಸಾಕು, ಪರದೆಯ ಮೇಲೆ ಹಾಡು, ಕುಣಿತ, ಭಾಷಣ. 'ಇವರೇ ಕಾಡಿನ ಕಾವಲುಗಾರರು' ಅಂತ ಹೊಗಳುತ್ತಾರೆ. ಮೇಗುಂದ ಹೋಬಳಿಯ ನಾವು ಅದನ್ನು ನೋಡಬೇಕಾದರೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಹತ್ತಿದೆವು, ನೋಡಿದೆವು. ಹಾಡು ಚೆನ್ನಾಗಿತ್ತು. ಗುಡ್ಡ ಇಳಿಯುವಾಗ ಮಾತ್ರ ಒಂದು ಪ್ರಶ್ನೆ ಕಾಲಿಗೆ ತೊಡರಿತು: ಕಾಡು ಕಾದವರಿಗೆ ಆ ಕಾಡಿನಲ್ಲೇ ಕಾಲೂರುವಷ್ಟು ಜಾಗ ಯಾಕಿಲ್ಲ?

ಉತ್ತರಕ್ಕೆ ಚರಿತ್ರೆಯನ್ನೇ ಕೇಳಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಚರಿತ್ರೆ ಅಂದರೆ ಮಠ, ಅರಸು, ಅಡಿಕೆ, ಕಾಫಿ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಆ ತೋಟಕ್ಕೆ ಸೊಪ್ಪು ಹೊತ್ತವರು, ಗದ್ದೆ ನಾಟಿ ಮಾಡುತ್ತಾ ಹಾಡಿದವರು ಪುಸ್ತಕದಲ್ಲಿಲ್ಲ. ಹಸಲರು, ಗೌಡಲು, ಮಲೆಕುಡಿಯರು, ಹೊಲೆಯರು—ಇವರ ಮಾತು ಎಲ್ಲಿ ಬರುತ್ತದೆ ಗೊತ್ತೆ? 1897ರ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಮಲೆನಾಡಿನ ಹೊಲೆಯರ ಜೀತವನ್ನು ಎರಡು ಬಗೆಯಾಗಿ ದಾಖಲಿಸಿದ್ದಾರೆ. ಒಬ್ಬ ಹುಟ್ಟಾಳು, ಒಡೆಯನ ಮನೆಯಲ್ಲಿ ಹುಟ್ಟುತ್ತಲೇ ಆಳು. ಇನ್ನೊಬ್ಬ ಮಣ್ಣಾಳು, ಜಮೀನು ಮಾರಿದಾಗ ಅದರ ಜೊತೆಗೇ ಮಾರಾಟವಾಗುವವನು. ಗೆಳೆಯರೇ, ಈ 'ಮಣ್ಣಾಳು' ಎಂಬ ಮಾತನ್ನು ಮರೆಯಬೇಡಿ. ಮುಂದೆ ಇದು ಬೇಕಾಗುತ್ತದೆ.

1900ರಲ್ಲಿ ಮೈಸೂರು ಸಂಸ್ಥಾನ ಅರಣ್ಯ ಕಾಯಿದೆ ತಂದಿತು. ಕಾಡಿಗೆ ಗಡಿಕಲ್ಲು ಬಿತ್ತು. 1918ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ 1923ರಲ್ಲಿ ಕುಲುಮೆ ಹೊತ್ತಿತು. ಅದು ಉರಿದದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. 1936ರಲ್ಲಿ ಕಾಗದದ ಕಾರ್ಖಾನೆ ಬಂತು, ಬಿದಿರು ಹೋಯ್ತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಕಟ್ಟಿದರು, ನರಸಿಂಹರಾಜಪುರ ಸೀಮೆಯ ಗದ್ದೆ ಮನೆ ಮುಳುಗಿದವು. 1976ರಲ್ಲಿ ಕುದುರೆಮುಖದ ಅದಿರು ಕಂಪನಿ ಹುಟ್ಟಿತು. ಗುಡ್ಡ ಬಗೆದು, ಭದ್ರೆಯ ನೀರಿಗೆ ಕೆಮ್ಮಣ್ಣು ಕಲಸಿತು. ಗಣಿ ನಿಂತದ್ದು ಸುಪ್ರೀಂ ಕೋರ್ಟು ಹೇಳಿದ ಮೇಲೆ, 2005ರ ಕೊನೆಗೆ. ಈ ನಡುವೆ 1987ರಲ್ಲೇ ಆ ಸೀಮೆ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿತ್ತು. ಉದ್ಯಾನವೂ ಇತ್ತು, ಗಣಿಯೂ ಇತ್ತು. ಇರಬಾರದು ಅನ್ನಿಸಿದ್ದು ಗುಡಿಸಲು ಮಾತ್ರ! ಗುಡ್ಡ ಕರಗಿಸಿದವನು ಉದ್ಯಮಿ, ಸೀಗೆಕಾಯಿ ಆಯ್ದ ಹೆಂಗಸು ಕಳ್ಳಿ. ಇದು ಯಾವ ನ್ಯಾಯ ಸ್ವಾಮಿ?

2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಆದ ಅನ್ಯಾಯವನ್ನು ಅದೇ ಒಪ್ಪಿಕೊಂಡಿತು. ಒಪ್ಪಿಕೊಂಡು ಗೆರೆಯನ್ನೂ ಎಳೆಯಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆಂದು ತೋರಿಸಬೇಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹಸಲರು, ಗೌಡಲು ಪಂಗಡದ ಪಟ್ಟಿಯಲ್ಲಿದ್ದಾರೆ. ಅವರ ಪಕ್ಕದಲ್ಲೇ ಗುಡಿಸಲು ಹಾಕಿದ ಹೊಲೆಯ 75 ವರ್ಷದ ಸಾಕ್ಷಿ ಎಲ್ಲಿಂದ ತರಬೇಕು? ಕಾಗದವೆಲ್ಲಾ ಒಡೆಯನ ಪೆಟ್ಟಿಗೆಯಲ್ಲಿ. ಮಣ್ಣಿನ ಜೊತೆ ಮಾರುವಾಗ ಮಣ್ಣಿಗೆ ಸೇರಿದವನು, ಮಣ್ಣು ಕೇಳಿದ ಕೂಡಲೇ ಒತ್ತುವರಿದಾರನಾದ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಎಂದಿತು. ದೇಶದ ತುಂಬಾ ಕೂಗೆದ್ದ ಮೇಲೆ 28ರಂದು ತಾನೇ ತಡೆ ಕೊಟ್ಟಿತು. ಆ ಹದಿನೈದು ದಿನ ಕಾಡಿನಂಚಿನ ಎಷ್ಟು ಮನೆಯವರು ನಿದ್ದೆ ಮಾಡಿದರೋ!

ಇಲ್ಲೇ ಹಾಡಿನ ಮಾತು ಬರುವುದು. ಈ ಕಾಯಿದೆಯ 2008ರ ನಿಯಮ ಕಾಗದವೊಂದನ್ನೇ ಸಾಕ್ಷಿ ಅನ್ನುವುದಿಲ್ಲ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹಳೇ ಬಾವಿ, ಸುಡುಗಾಡು, ದೇವರ ಬನ, ವಂಶದ ಹೆಸರುಗಳು ಸಾಕ್ಷಿ. ಇವೆಲ್ಲಾ ನಮ್ಮಲ್ಲಿ ಎಲ್ಲಿವೆ? ಅಜ್ಜಿಯ ಬಾಯಲ್ಲಿವೆ. ಯಾವ ಹಳ್ಳ, ಯಾವ ಮರ, ಯಾವ ಕಲ್ಲಿನ ಬುಡದಲ್ಲಿ ಯಾರು ಮಲಗಿದ್ದಾರೆ ಎಂಬುದು ಅವಳ ಹಾಡಿನಲ್ಲಿ, ಕತೆಯಲ್ಲಿ ಇದೆ.

ಇದು ಬರೀ ಕನಸಲ್ಲ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರ ಬೇಸಾಯ ನಿಂತಿತು, ನೆಲದ ತರಗಿಗೆ ಅವರು ಇಡುತ್ತಿದ್ದ ಸಣ್ಣ ಬೆಂಕಿ ಅಪರಾಧವಾಯಿತು. ಆ ಬೆಂಕಿ ನಿಂತದ್ದಕ್ಕೇ ಲಂಟಾನ ಕಾಡು ತುಂಬಿತು ಅಂತ ಸೋಲಿಗರು ಇವತ್ತಿಗೂ ಹೇಳುತ್ತಾರೆ. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಹಿರಿಯರ ನೆನಪು ಹಿಡಿದು ಇಂಥ ನೂರಾರು ತಾಣಗಳನ್ನು ನಕ್ಷೆಗೆ ತಂದರು. 2011ರಲ್ಲಿ ಅದು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರವೂ ಬಂತು. ಸೋಲಿಗರೂ ಇದ್ದಾರೆ, ಹುಲಿಯೂ ಇದೆ.

ಇನ್ನು ಮೆಚ್ಚುಗೆಯ ಮಾತು. ಅಂಕೋಲದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಗಿಡ ನೆಟ್ಟು ಕಾಡು ಬೆಳೆಸಿದ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಂದರು. ಒಬ್ಬರು ಹಾಡು, ಒಬ್ಬರು ಕಾಡು. ನಮಗೆ ಹೆಮ್ಮೆ. ಆದರೆ ಹಾಲಕ್ಕಿಗಳು ನಮ್ಮನ್ನು ಪಂಗಡದ ಪಟ್ಟಿಗೆ ಸೇರಿಸಿ ಅಂತ ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ತುಳಸಜ್ಜಿ 2024ರಲ್ಲಿ, ಸುಕ್ರಜ್ಜಿ 2025ರಲ್ಲಿ ಕಣ್ಣು ಮುಚ್ಚುವಾಗಲೂ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಅಜ್ಜಿಯ ಎದೆಗೆ ಪದಕ, ಮೊಮ್ಮಗನ ಕೈಗೆ 75 ವರ್ಷದ ಲೆಕ್ಕ.

ಉತ್ಸವ ಬೇಡ ಅನ್ನುವುದಿಲ್ಲ ನಾವು. ಹಾಡಿ, ಕುಣಿಯಿರಿ, ಮೊಬೈಲಿನಲ್ಲಿ ಲೋಕಕ್ಕೆಲ್ಲಾ ತೋರಿಸಿ. ಆದರೆ ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟಿ ಎದ್ದು ಹೋಗಬೇಡಿ. ಜಯಪುರದಲ್ಲೋ ಬಸರಿಕಟ್ಟೆಯಲ್ಲೋ ಗ್ರಾಮಸಭೆ ಕೂತಾಗ ಅಜ್ಜಿಯನ್ನು ಕರೆತನ್ನಿ. ಅವಳು ಹೇಳಿದ ಹಳ್ಳದ ಹೆಸರು, ಮರದ ಹೆಸರು, ಸತ್ತವರ ಹೆಸರು ಒಂದೊಂದನ್ನೂ ಬರೆದುಕೊಳ್ಳಿ. ಅರ್ಜಿಯ ಜೊತೆ ಇಡಿ, ಇಟ್ಟದ್ದಕ್ಕೆ ರಶೀದಿ ಕೇಳಿ.

ಅಜ್ಜಿಯರಿಗೆ ವಯಸ್ಸಾಗಿದೆ. ಕೆಲಸ ಇವತ್ತೇ ಆಗಬೇಕು.