ಮೀಟುವ ತಂತಿ, ಬಡಿಯುವ ತಂತಿ

ಪಿಯಾನೊವನ್ನು ಕಣ್ಣಾರೆ ಕಾಣದವರೂ ಅದರ ಹೆಸರನ್ನು ಕೇಳಿರುತ್ತಾರೆ. ಅದಕ್ಕಿಂತ ಮುಂಚೆ ಯೂರೋಪಿನ ಅರಮನೆಗಳಲ್ಲಿ, ಸಿರಿವಂತರ ಮನೆಗಳಲ್ಲಿ ಮೆರೆದ ಹಾರ್ಪ್ಸಿಕಾರ್ಡಿನ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಬಲ್ಲವರೂ ಅದನ್ನು ‘ಪಿಯಾನೊದ ಪೂರ್ವಜ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಆ ವಾದ್ಯಕ್ಕೆ ಬಗೆದ ಅನ್ಯಾಯ.

ನೋಡುವುದಕ್ಕೆ ಎರಡೂ ಅಣ್ಣತಮ್ಮಂದಿರಂತೆಯೇ ಇವೆ. ಆದರೆ ಒಳಗಿನ ಕೆಲಸ ಬೇರೆ. ಹಾರ್ಪ್ಸಿಕಾರ್ಡಿನ ಕೀಯನ್ನು ಒತ್ತಿದಾಗ ಅದರ ಹಿಂತುದಿಯ ಮೇಲೆ ನಿಂತ ತೆಳುವಾದ ಮರದ ಕಡ್ಡಿ ಮೇಲೇಳುತ್ತದೆ. ಕಡ್ಡಿಯ ಪಕ್ಕದಲ್ಲಿ ಹಕ್ಕಿಯ ಗರಿಯ ದಂಟಿನಿಂದ ಕೊರೆದ ಪುಟ್ಟ ಉಗುರು. ಅದು ತಂತಿಯನ್ನು ಮೀಟುತ್ತದೆ. ಬೆರಳೆತ್ತಿದಾಗ ಉಗುರು ಹಿಂದಕ್ಕೆ ಬಾಗಿ ತಂತಿಯನ್ನು ಮತ್ತೆ ಮೀಟದೆ ಜಾರಿಕೊಳ್ಳುತ್ತದೆ. ಕಡ್ಡಿಗೆ ಸಿಕ್ಕಿಸಿದ ಬಟ್ಟೆಯ ಚೂರು ನಾದವನ್ನು ಅಡಗಿಸುತ್ತದೆ. ಪಿಯಾನೊದಲ್ಲಾದರೋ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಸುತ್ತಿಗೆಯ ವೇಗ ಬೆರಳಿನ ಅಂಕೆಯಲ್ಲಿರುತ್ತದೆ. ಗರಿಯ ಉಗುರು ಹಾಗಲ್ಲ. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಹೊರಡುವ ದನಿ ಹೆಚ್ಚುಕಡಿಮೆ ಒಂದೇ. ವೀಣೆಯಲ್ಲಿ ಬೆರಳು ತಂತಿಯನ್ನು ನೇರವಾಗಿ ಮುಟ್ಟುತ್ತದೆ. ಇಲ್ಲಿ ಇಬ್ಬರ ನಡುವೆ ಒಬ್ಬ ಮಧ್ಯಸ್ಥ.

1397ರಲ್ಲಿ ಇಟಲಿಯ ಪಾದುವಾ ನಗರದ ವಕೀಲನೊಬ್ಬ ಬರೆದ ಪತ್ರದಲ್ಲಿ, ಹರ್ಮನ್ ಪೋಲ್ ಎಂಬಾತ ಇಂಥದೊಂದು ವಾದ್ಯವನ್ನು ತಾನೇ ಕಂಡುಹಿಡಿದೆನೆಂದು ಹೇಳಿಕೊಳ್ಳುತ್ತಿದ್ದ ಸುದ್ದಿಯಿದೆ. ಮುಂದೆ ಆಂಟ್‌ವರ್ಪಿನ ರುಕರ್ಸ್ ಮನೆತನ ಈ ಕಸುಬಿನಲ್ಲಿ ದೊಡ್ಡ ಹೆಸರಾಯಿತು. ನೂರು ವರ್ಷ ಕಳೆದ ಮೇಲೂ ಪ್ಯಾರಿಸಿನವರು ರುಕರ್ಸ್ ವಾದ್ಯಗಳನ್ನು ಬಿಚ್ಚಿ, ಹಿಗ್ಗಿಸಿ, ಹೊಸದಾಗಿ ಕಟ್ಟಿಸಿಕೊಳ್ಳುತ್ತಿದ್ದರು. ಆ ಹೆಸರಿಗೆ ಎಷ್ಟು ಬೆಲೆಯೆಂದರೆ, ಖೋಟಾ ರುಕರ್ಸ್‌ಗಳನ್ನು ಮಾಡಿದವರೂ ಇದ್ದರು!

ದನಿಯನ್ನು ಉಬ್ಬಿಸಲೂ ತಗ್ಗಿಸಲೂ ಬಾರದೆಂಬ ಕೊರತೆ ಆ ಕಾಲದವರಿಗೆ ತಿಳಿಯದ್ದೇನಲ್ಲ. ಫ್ರಾನ್ಸಿನ ಫ್ರಾಂಸ್ವಾ ಕೂಪ್ರ್ಯಾಂ 1713ರ ತನ್ನ ಮೊದಲ ಸಂಗ್ರಹದ ಮುನ್ನುಡಿಯಲ್ಲಿ ಇದನ್ನು ಬಾಯಿಬಿಟ್ಟೇ ಹೇಳಿದ. ಆದರೆ ಅವನು ವಾದ್ಯವನ್ನು ಬಿಡಲಿಲ್ಲ. ದನಿಯಲ್ಲಿ ಸಿಗದ ಭಾವವನ್ನು ಕಾಲದಲ್ಲಿ ಹುಡುಕಿದ. ಸ್ವರವನ್ನು ಕ್ಷಣಮಾತ್ರ ತಡೆದು ಹಿಡಿಯುವುದು, ಮೊದಲೇ ಮೊಟಕುಗೊಳಿಸುವುದು, ಸುತ್ತ ಕಿರುಸ್ವರಗಳ ಅಲಂಕಾರ ತೊಡಿಸುವುದು ಅವನ ದಾರಿ. ಈ ಕುಸುರಿಗೆಲಸವನ್ನು ಬರಿಯ ಆಡಂಬರವೆಂದು ಕೆಲವರು ಬಗೆಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ವಾದ್ಯದ ಮಾತೇ ಅದು.

1685ರಲ್ಲಿ ಹುಟ್ಟಿದ ಇಬ್ಬರು ಈ ಮಾತನ್ನು ತುತ್ತತುದಿಗೆ ಕೊಂಡೊಯ್ದರು. ಡೊಮೆನಿಕೊ ಸ್ಕಾರ್ಲಾಟಿ 550ಕ್ಕೂ ಮಿಕ್ಕಿ ಸೊನಾಟಗಳನ್ನು ರಚಿಸಿದ. ಇನ್ನೊಬ್ಬ ಯೊಹಾನ್ ಸೆಬಾಸ್ಟಿಯನ್ ಬಾಕ್. ಅವನ ‘ಗೋಲ್ಡ್‌ಬರ್ಗ್’ ಕೃತಿ 1741ರಲ್ಲಿ ಅಚ್ಚಾಯಿತು. ಅದರ 30 ರೂಪಾಂತರಗಳಲ್ಲಿ 11ನ್ನು ಮೇಲೊಂದು ಕೆಳಗೊಂದು ಎರಡು ಕೀಲಿಮಣೆಗಳಿರುವ ವಾದ್ಯಕ್ಕೆಂದೇ ಬಾಕ್ ಗುರುತಿಸಿದ್ದಾನೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಎರಡೂ ಒಂದೇ ಸ್ವರಗಳ ನಡುವೆ ಹಾದುಹೋಗುತ್ತವೆ. ಒಂದೇ ಕೀಲಿಮಣೆಯ ಪಿಯಾನೊದಲ್ಲಿ ಕೈಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅಪೂರ್ಣವಾದ ಪಿಯಾನೊವೊಂದಕ್ಕೆ ಬರೆದ ಸಂಗೀತವೇ ಇದು?

ವಿನೋದವೆಂದರೆ, ಪಿಯಾನೊವನ್ನು ನಿರ್ಮಿಸಿದವನೇ ಫ್ಲಾರೆನ್ಸಿನ ಮೆದಿಚಿ ರಾಜಕುಮಾರನ ಹಾರ್ಪ್ಸಿಕಾರ್ಡುಗಳನ್ನು ನೋಡಿಕೊಳ್ಳುತ್ತಿದ್ದವನು: ಬಾರ್ತಲೊಮೆಯೊ ಕ್ರಿಸ್ತೊಫೊರಿ. ಅವನೂ ಪಾದುವಾದವನೇ! 1700ರ ಅರಮನೆಯ ವಾದ್ಯಗಳ ಪಟ್ಟಿಯಲ್ಲಿ ಮೆಲುದನಿಯನ್ನೂ ಗಟ್ಟಿದನಿಯನ್ನೂ ನುಡಿಸುವ ಅವನ ಹೊಸ ವಾದ್ಯ ದಾಖಲಾಗಿದೆ. ಹಳೆಯದು ಕೂಡಲೇ ಮೂಲೆಗುಂಪಾಗಲಿಲ್ಲ. ಲಂಡನ್ನಿನ ಶೂಡಿ 1769ರಲ್ಲಿ ಹಾರ್ಪ್ಸಿಕಾರ್ಡಿಗೆ ಕಿಟಕಿಯ ಪಟ್ಟಿಗಳಂತೆ ತೆರೆದು ಮುಚ್ಚುವ ಮುಚ್ಚಳವೊಂದನ್ನು ಅಳವಡಿಸಿ ಪೇಟೆಂಟು ಪಡೆದ. ದನಿಯ ಏರಿಳಿತಕ್ಕೆ ಅವನ ಉಪಾಯ ಅದು. ಆದರೆ ಅವನ ಅಳಿಯ ಬ್ರಾಡ್‌ವುಡ್ ಪಿಯಾನೊದತ್ತ ತಿರುಗಿದ. 1793ರ ಹೊತ್ತಿಗೆ ಆ ಅಂಗಡಿಯಲ್ಲಿ ಹಾರ್ಪ್ಸಿಕಾರ್ಡುಗಳ ತಯಾರಿಕೆ ನಿಂತಿತು. ಸಂಗೀತ ಅರಮನೆಯ ಕೋಣೆಯಿಂದ ಸಾವಿರ ಜನರ ಸಭಾಂಗಣಕ್ಕೆ ಹೊರಟಿದ್ದ ಕಾಲ. ಮೀಟುವ ತಂತಿಗೆ ಅಷ್ಟು ದೂರ ನಡೆಯುವ ಶಕ್ತಿಯಿರಲಿಲ್ಲ. ಪ್ಯಾರಿಸಿನ ಸಂಗೀತ ಶಾಲೆಯಲ್ಲಿ ಎಷ್ಟೋ ಹಳೆಯ ವಾದ್ಯಗಳು ಚಳಿಗಾಲದಲ್ಲಿ ಸೌದೆಯಾದುವೆಂಬ ಮಾತೂ ಇದೆ.

ನೂರು ವರ್ಷ ಹೀಗೆ ಕಳೆಯಿತು. ಅದಕ್ಕೆ ಮರುಜೀವ ಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಪೋಲೆಂಡಿನ ವಾಂಡಾ ಲಾಂಡೋವ್‌ಸ್ಕಾ. ಪಿಯಾನೊ ತಯಾರಿಸುವ ಪ್ಲೆಯೆಲ್ ಕಂಪನಿ ಆಕೆಗಾಗಿ ದೊಡ್ಡ ಹಾರ್ಪ್ಸಿಕಾರ್ಡೊಂದನ್ನು ಕಟ್ಟಿಕೊಟ್ಟಿತು. 1912ರಲ್ಲಿ ಬ್ರೆಸ್ಲೌ ನಗರದ ಬಾಕ್ ಉತ್ಸವದಲ್ಲಿ ಅದು ಬೆಳಕು ಕಂಡಿತು. 1933ರಲ್ಲಿ ಆಕೆ ‘ಗೋಲ್ಡ್‌ಬರ್ಗ್’ ಅನ್ನು ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದಳು. 1940ರಲ್ಲಿ ಜರ್ಮನ್ನರು ಬಂದಾಗ ಯೆಹೂದ್ಯಳಾದ ಆಕೆ ಪ್ಯಾರಿಸಿನ ಬಳಿಯ ಮನೆಯನ್ನು ಬಿಟ್ಟು ಓಡಬೇಕಾಯಿತು. ವಾದ್ಯಗಳು, ಪುಸ್ತಕಗಳು ಎಲ್ಲ ಲೂಟಿಯಾದುವು. ಆಕೆ ನ್ಯೂಯಾರ್ಕಿಗೆ ಬಂದಿಳಿದದ್ದು 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದ ದಿನ.

ಆದರೆ ಪ್ಲೆಯೆಲ್ ವಾದ್ಯ ಅರ್ಧ ಪಿಯಾನೊವೇ ಆಗಿತ್ತು. ಭಾರವಾದ ಮೈ, ಮುಂದೆ ಎರಕದ ಕಬ್ಬಿಣದ ಚೌಕಟ್ಟು. 1949ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಫ್ರಾಂಕ್ ಹಬರ್ಡ್, ವಿಲಿಯಮ್ ಡೌಡ್ ಎಂಬ ಇಬ್ಬರು ಗೆಳೆಯರು ಅಂಗಡಿ ತೆರೆದು, ಹಳೆಯ ವಾದ್ಯಗಳನ್ನು ಅಳೆದು ನೋಡಿ, ಕಬ್ಬಿಣವನ್ನು ಕೈಬಿಟ್ಟು, ಹಗುರವಾದ ಮರದ ಪೆಟ್ಟಿಗೆಗೇ ಹಿಂದಿರುಗಿದರು. ಇಂದು ಕಚೇರಿಗಳಲ್ಲಿ ಕೇಳಿಬರುವುದು ಬಹುಮಟ್ಟಿಗೆ ಆ ಜಾತಿಯ ವಾದ್ಯಗಳೇ. ಉಗುರು ಮಾತ್ರ ಹೆಚ್ಚಿನವುಗಳಲ್ಲಿ ಗರಿಯದಲ್ಲ, ಪ್ಲಾಸ್ಟಿಕ್ಕಿನದು.