ಒಂದು ಪದ, ಒಂದು ಗರಿ: ಮೂಡಬಿದಿರೆಯ ತಾಡಪತ್ರಗಳು ಕಲಿಸುವ ಸಂರಕ್ಷಣೆಯ ಪಾಠ

ಹಸ್ತಪ್ರತಿಯೊಂದು ಪರಿಷ್ಕೃತವಾಗಿ ಅಚ್ಚಾದ ಮೇಲೆ, ಅದರ ಹುಳು ತಿಂದ ಗರಿಗಳನ್ನು ಶ್ರಮಪಟ್ಟು ಕಾಪಾಡುವುದರಿಂದ ಪ್ರಯೋಜನವೇನು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಮಾತ್ರವಲ್ಲ, ಭಂಡಾರಗಳ ಹೊಣೆ ಹೊತ್ತವರೂ ಆಗಾಗ ಕೇಳುತ್ತಾರೆ. ಪಠ್ಯ ಉಳಿದರೆ ಗ್ರಂಥ ಉಳಿದಂತೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಚರಿತ್ರೆಗಿಂತ ಉತ್ತಮ ನಿದರ್ಶನ ದೊರೆಯಲಾರದು.

ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರ ‘ಷಟ್ಖಂಡಾಗಮ’ ದಿಗಂಬರ ಪರಂಪರೆಯ ಅತಿ ಪ್ರಾಚೀನ ಸಿದ್ಧಾಂತ ಗ್ರಂಥಗಳಲ್ಲಿ ಒಂದು. ಇದಕ್ಕೆ ವೀರಸೇನಾಚಾರ್ಯರು ಬರೆದ ವಿಸ್ತಾರವಾದ ಟೀಕೆಯೇ ‘ಧವಲಾ’. ಇದು ಕ್ರಿ.ಶ. 816ರಲ್ಲಿ ಮುಗಿಯಿತೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಮತ. ಗುಣಧರಾಚಾರ್ಯರ ‘ಕಷಾಯಪಾಹುಡ’ಕ್ಕೆ ವೀರಸೇನರು ಆರಂಭಿಸಿದ ‘ಜಯಧವಲಾ’ ಟೀಕೆಯನ್ನು ಅವರ ಶಿಷ್ಯ ಜಿನಸೇನರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ‘ಮಹಾಬಂಧ’ವು ‘ಮಹಾಧವಲಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಮೂರೂ ಗ್ರಂಥಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಮಾತ್ರ ಉಳಿದುಕೊಂಡಿದ್ದವು. ಭಾಷೆ ಪ್ರಾಕೃತ–ಸಂಸ್ಕೃತ, ಲಿಪಿ ಕನ್ನಡ, ನೆಲೆ ತುಳುನಾಡು. ಈ ಸಂಗಮವೇ ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯ ಒಂದು ಅಧ್ಯಾಯ.

ಈ ಪ್ರತಿಗಳು ನಮಗೆ ದೊರೆತದ್ದು ಇಬ್ಬರು ಸ್ತ್ರೀಯರ ಔದಾರ್ಯದಿಂದ. ಧವಲಾ ಪ್ರತಿಯನ್ನು ದೇಮಿಯಕ್ಕನು ಶ್ರುತಪಂಚಮೀ ವ್ರತದ ಉದ್ಯಾಪನೆಗಾಗಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವ, ಗಂಗರಾಜನ ಬಂಧುವರ್ಗಕ್ಕೆ ಸೇರಿದ, 1120ರಲ್ಲಿ ಸಮಾಧಿಮರಣ ಹೊಂದಿದ ದೇಮಿಯಕ್ಕನೇ ಈಕೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಶುಭಚಂದ್ರರು ದಿವಂಗತರಾದುದು 1123ರಲ್ಲಿ. ಆದ್ದರಿಂದ ಪ್ರತಿಯು ಹನ್ನೆರಡನೆಯ ಶತಮಾನದ ಆರಂಭದ್ದೆಂದು ನಿರ್ಧರಿಸಲು ಅವಕಾಶವಾಗುತ್ತದೆ. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಅದೂ ಪಂಚಮೀ ವ್ರತದ ನಿಮಿತ್ತವಾಗಿಯೇ. ಕೆಲವು ಗರಿಗಳ ಮೇಲಿನ ಬಣ್ಣದ ಚಿತ್ರಗಳು ದಕ್ಷಿಣ ಭಾರತದ ಹಸ್ತಪ್ರತಿ ಚಿತ್ರಕಲೆಯ ಅತ್ಯಂತ ಹಳೆಯ ಮಾದರಿಗಳ ಸಾಲಿನಲ್ಲಿ ನಿಲ್ಲುತ್ತವೆ. ಇಲ್ಲಿಯೇ ಒಂದು ಅಂಶವನ್ನು ಗಮನಿಸಬೇಕು: ದಾನಿಯ ಹೆಸರು, ಕಾಲ, ಚಿತ್ರ, ಲಿಪಿಯ ವಿನ್ಯಾಸ ಇವು ಯಾವುವೂ ವೀರಸೇನರ ಪಠ್ಯಕ್ಕೆ ಸೇರಿದವಲ್ಲ. ಅವು ಈ ವಸ್ತುವಿಗೆ ಸೇರಿದವು.

ಹಿಂದಿನವರಿಗೆ ಸಂರಕ್ಷಣೆ ಎಂದರೆ ಮುಖ್ಯವಾಗಿ ಪ್ರತಿಲೇಖನ. ತಾಳೆಗರಿಗೆ ಆಯುಷ್ಯದ ಮಿತಿಯುಂಟು. ಅದು ಮುಗಿಯುವುದರೊಳಗೆ ಹೊಸ ಪ್ರತಿ ಸಿದ್ಧವಾಗಬೇಕು. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದುದರ ಹಿಂದೆ ಈ ವ್ಯಾವಹಾರಿಕ ವಿವೇಕವೂ ಇದೆ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಈ ವಿವೇಕದ ಅತ್ಯುನ್ನತ ರೂಪ. ಇನ್ನು ಜ್ಯೇಷ್ಠ ಶುದ್ಧ ಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಆಚರಣೆಯು ಕರಾವಳಿಯಲ್ಲಿ ಮುಂಗಾರಿನ ಹೊಸ್ತಿಲಲ್ಲೇ ಬೀಳುತ್ತದೆ. ವರ್ಷಕ್ಕೊಮ್ಮೆಯಾದರೂ ಪ್ರತಿ ಕಟ್ಟನ್ನೂ ಬಿಚ್ಚಿ ನೋಡುವುದು ಇಂದಿನ ಸಂರಕ್ಷಣಾ ವಿಜ್ಞಾನವೂ ಒಪ್ಪುವ ಮೊದಲ ನಿಯಮ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಗ್ರಂಥಗಳು ದರ್ಶನಕ್ಕೆ ಮಾತ್ರ ಸಲ್ಲುವ ಪೂಜ್ಯವಸ್ತುಗಳಾಗಿದ್ದವು; ಓದಬಲ್ಲವರು ವಿರಳರಾಗಿದ್ದರು. ಮುಂಬಯಿಯ ಸೇಠ್ ಮಾಣಿಕಚಂದ್ ಮತ್ತು ಸೊಲ್ಲಾಪುರದ ಹೀರಾಚಂದ ನೇಮಚಂದ ಅವರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿಲೇಖನ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮೀರಜಿನ ಗಜಪತಿ ಶಾಸ್ತ್ರಿಗಳು ಇದರಲ್ಲಿ ತೊಡಗಿದರು. ನಾಗರಿ ಮತ್ತು ಹೊಸಗನ್ನಡ ಲಿಪಿಗಳಲ್ಲಿ ಮೂರೂ ಗ್ರಂಥಗಳ ಪ್ರತಿಗಳು ಮುಗಿಯಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ನಡುವೆ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಸಿದ್ಧಪಡಿಸಿದ ಕನ್ನಡ ಪ್ರತಿ ಸಹಾರನಪುರವನ್ನು ಸೇರಿತು. ಅಲ್ಲಿ ಅದರಿಂದ ನಾಗರಿ ಪ್ರತಿ, ಆ ಪ್ರತಿಯಿಂದ ಮತ್ತಷ್ಟು ಪ್ರತಿಗಳು ಹುಟ್ಟಿ ಉತ್ತರ ಭಾರತದಲ್ಲಿ ಹರಡಿದವು. ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಈ ವಂಶದ ಪ್ರತಿಗಳೇ ಹೊರತು ಮೂಲ ಗರಿಗಳಲ್ಲ.

ಈ ಸಂಪುಟದಲ್ಲಿ, ಮಾನುಷಿಯರ ಗುಣಸ್ಥಾನಗಳನ್ನು ನಿರ್ದೇಶಿಸುವ 93ನೆಯ ಸೂತ್ರದಲ್ಲಿ ಸಂಪಾದಕರಿಗೆ ಒಂದು ಕೊರತೆ ಕಂಡಿತು. ಟೀಕೆಯ ವಿವರಣೆಯನ್ನು ನೋಡಿದರೆ ಸೂತ್ರದಲ್ಲಿ ‘ಸಂಜದ’, ಎಂದರೆ ‘ಸಂಯತ’ ಎಂಬ ಪದವಿರಬೇಕು. ಆದರೆ ಕೈಗೆ ಸಿಕ್ಕ ಪ್ರತಿಗಳಲ್ಲಿ ಅದಿರಲಿಲ್ಲ. ಅವರು ಪದವನ್ನು ಸೂತ್ರದೊಳಗೆ ಸೇರಿಸದೆ, ಇಲ್ಲಿ ಅದು ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಇದು ಕೇವಲ ವ್ಯಾಕರಣದ ಪ್ರಶ್ನೆಯಾಗಿರಲಿಲ್ಲ. ಸ್ತ್ರೀಯರಿಗೆ ಸಂಯಮದ ಗುಣಸ್ಥಾನಗಳು ಯಾವ ಅರ್ಥದಲ್ಲಿ ಅನ್ವಯಿಸುತ್ತವೆ ಎಂಬ, ಎರಡು ಪರಂಪರೆಗಳ ನಡುವಿನ ಹಳೆಯ ಚರ್ಚೆಗೆ ಈ ಒಂದು ಪದ ತಗಲುತ್ತಿತ್ತು. ಸಹಜವಾಗಿಯೇ ತೀವ್ರ ವಾದವಿವಾದ ನಡೆಯಿತು. ಅನಂತರ ಮೂಡಬಿದಿರೆಯ ತಾಡಪತ್ರದೊಡನೆ ಪಾಠವನ್ನು ತಾಳೆ ನೋಡಿದಾಗ ‘ಸಂಜದ’ ಪದ ಅಲ್ಲಿ ಇರುವುದು ಕಂಡುಬಂದಿತು.

ಪದ ಬಿಟ್ಟುಹೋದುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅದರ ಹಿಂದೆಯೇ ‘ಸಂಜದಾಸಂಜದ’ ಎಂಬ ಪದವಿದೆ. ಒಂದೇ ಬಗೆಯ ಅಕ್ಷರಗಳು ಒತ್ತೊತ್ತಾಗಿ ಬಂದಾಗ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರುವುದು ಗ್ರಂಥಸಂಪಾದನಾ ಶಾಸ್ತ್ರಕ್ಕೆ ಚಿರಪರಿಚಿತವಾದ ಸಂಗತಿ. ಆದರೆ ಊಹೆ ಬೇರೆ, ಸಾಕ್ಷ್ಯ ಬೇರೆ. ತಾಡಪತ್ರವು ಆ ವೇಳೆಗೆ ಹುಡಿಯಾಗಿದ್ದರೆ ಸಂಪಾದಕರ ಊಹೆ ಇಂದಿಗೂ ಊಹೆಯಾಗಿಯೇ ಉಳಿಯುತ್ತಿತ್ತು. ಮಹಾಬಂಧದಲ್ಲಿ ಆದುದು ಇದೇ: ನಷ್ಟವಾದ ಗರಿಗಳ ಪಠ್ಯ ಅಚ್ಚಿನ ಪುಟಗಳಲ್ಲಿಯೂ ತ್ರುಟಿತವಾಗಿಯೇ ಉಳಿದಿದೆ. ಅದನ್ನು ತುಂಬಬಲ್ಲ ಬೇರೆ ಆಕರವಿಲ್ಲ. ಈ ನಷ್ಟದಿಂದ ನೊಂದ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸಲಾಯಿತು. ತಾಮ್ರವನ್ನು ಹುಳು ತಿನ್ನದು, ನಿಜ. ಆದರೆ ಎಷ್ಟೇ ಗಟ್ಟಿಯಾದ ಲೋಹವೂ ತನ್ನ ಮೇಲೆ ಕೊರೆದ ಪಾಠವನ್ನಷ್ಟೇ ಕಾಯಬಲ್ಲದು. ಆ ಪಾಠ ಸರಿಯೇ ಎಂದು ಹೇಳಲಾರದು.

ಹಾಗಾದರೆ ಗರಿಯನ್ನು ಕಾಯುವುದು ಹೇಗೆ? ಇಲ್ಲಿ ಸದ್ಭಾವನೆಯಷ್ಟೇ ಸಾಲದು, ವಸ್ತುವಿನ ಜ್ಞಾನ ಬೇಕು. ತೆಳುವಾಗಿ ಬಾಗುವ ಶ್ರೀತಾಳದ ಗರಿ ಬೇರೆ, ದಪ್ಪವೂ ಪೆಡಸೂ ಆದ ಸಾಮಾನ್ಯ ತಾಳೆಯ ಗರಿ ಬೇರೆ. ಕಂಠದಿಂದ ಕೊರೆದು ಮಸಿ ತುಂಬಿದ ಬರೆಹವನ್ನು ಮತ್ತೆ ಕಪ್ಪು ಹಚ್ಚಿ ಓದುವಂತೆ ಮಾಡಬಹುದು. ಲೇಖನಿಯಿಂದ ಮೇಲ್ಮೈಯಲ್ಲಿ ಬರೆದ ಶಾಯಿಯನ್ನಾಗಲಿ, ಬಣ್ಣದ ಚಿತ್ರವನ್ನಾಗಲಿ ಹಾಗೆ ಉಜ್ಜಿದರೆ ಅಳಿಸಿಯೇ ಹೋಗುತ್ತದೆ. ಗರಿಯು ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಈ ಏರಿಳಿತದಿಂದ ಅದು ಸೀಳುತ್ತದೆ. ಕರಾವಳಿಯ ಮಳೆಗಾಲದ ತೇವ ಬೂಷ್ಟಿಗೂ ಕೀಟಗಳಿಗೂ ಆಹ್ವಾನ. ಆದಕಾರಣ ಔಷಧಕ್ಕಿಂತ ಮೊದಲು ಬೇಕಾದುದು ಸ್ಥಿರವಾದ ತೇವಾಂಶ, ಗಾಳಿಯ ಸಂಚಾರ ಮತ್ತು ನಿಯತವಾದ ತಪಾಸಣೆ.

ಸದುದ್ದೇಶದ ಉಪಚಾರವೇ ಅಪಾಯವಾಗುವುದಕ್ಕೆ ಉಡುಪಿಯಲ್ಲಿ ಉದಾಹರಣೆಯಿದೆ. ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ‘ಸರ್ವಮೂಲ’ ಗ್ರಂಥಗಳ ಪ್ರಾಚೀನ ತಾಡಪ್ರತಿಯು ಕಾಲದಿಂದಲೂ ತಪ್ಪಾದ ತೈಲಲೇಪನದಿಂದಲೂ ಕಂದುಗಟ್ಟಿ, ಅಕ್ಷರಗಳು ಹಿನ್ನೆಲೆಯಲ್ಲಿ ಕರಗಿಹೋಗಿದ್ದವು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತಜ್ಞರು 2005ರ ಸುಮಾರಿಗೆ ಅದರ 340ರಷ್ಟು ಗರಿಗಳನ್ನು ಅವಕೆಂಪು ಬೆಳಕಿನಲ್ಲಿ ಚಿತ್ರೀಕರಿಸಿದರು. ಕಪ್ಪು ಮಸಿಯು ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ, ಕಂದಿದ ಗರಿ ಅವನ್ನು ಪ್ರತಿಫಲಿಸುತ್ತದೆ. ಹೀಗಾಗಿ ಕಣ್ಣಿಗೆ ಕಾಣದ ಅಕ್ಷರ ಚಿತ್ರದಲ್ಲಿ ಎದ್ದು ಬರುತ್ತದೆ. ಗರಿಗೆ ಏನನ್ನೂ ಹಚ್ಚದೆ, ಅದನ್ನು ಉಜ್ಜದೆ ಓದುವ ದಾರಿಯಿದು. ಆದರೆ ಗರಿಯೇ ಇಲ್ಲದಿದ್ದರೆ ಯಾವ ಕಿರಣವೂ ಏನನ್ನೂ ತೋರಿಸಲಾರದು. ಮುಂದಿನ ತಲೆಮಾರಿನ ಉಪಕರಣಗಳು ಏನನ್ನು ಓದಬಲ್ಲವೆಂದು ನಾವು ಈಗಲೇ ನಿರ್ಣಯಿಸಲಾಗದು. ಅವುಗಳಿಗಾಗಿ ವಸ್ತುವನ್ನು ಉಳಿಸಿಡುವುದಷ್ಟೇ ನಮ್ಮ ಕರ್ತವ್ಯ.

ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ನಾಡಿನ ತಾಡಪತ್ರ ಗ್ರಂಥಗಳ ಸೂಚಿ 1948ರಲ್ಲಿ ಪ್ರಕಟವಾಯಿತು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಸಾಧನಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ದೃಷ್ಟಿಯಲ್ಲಿ. ಡಿಜಿಟಲ್ ಚಿತ್ರ ತೆಗೆದಾಯಿತು, ಇನ್ನು ಗರಿಗಳ ಚಿಂತೆಯಿಲ್ಲ ಎಂಬ ಮಾತು ಈಗ ಕೇಳಿಬರುತ್ತಿದೆ. ನೂರು ವರ್ಷಗಳ ಹಿಂದೆ ನಾಗರಿ ಪ್ರತಿ ಮುಗಿದಾಗಲೂ ಹೀಗೆಯೇ ಎಣಿಸಿ ಗರಿಗಳನ್ನು ಕೈಬಿಟ್ಟಿದ್ದರೆ ‘ಸಂಜದ’ ಪದದ ನಿರ್ಣಯಕ್ಕೆ ನಾವು ಯಾರಲ್ಲಿಗೆ ಹೋಗಬೇಕಾಗಿತ್ತು?

ಸಂಶೋಧನ ವಿದ್ಯಾರ್ಥಿಗಳು ಅಚ್ಚಿನ ಪಾಠವನ್ನು ಅವಲಂಬಿಸುವುದು ಅನಿವಾರ್ಯವೇ ಸರಿ. ಆದರೆ ಆ ಪಾಠ ಯಾವ ಪ್ರತಿಯಿಂದ ಬಂದಿತು, ಆ ಪ್ರತಿ ಯಾವ ಗರಿಯಿಂದ ಇಳಿಯಿತು, ಆ ಗರಿ ಇಂದು ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬೆಳೆಯಬೇಕು. ಊರ ಬಸದಿಯಲ್ಲೋ ಮನೆಯ ಅಟ್ಟದಲ್ಲೋ ಓಲೆಗಟ್ಟು ಕಂಡರೆ ಎಣ್ಣೆ ಹಚ್ಚದೆ, ಅಂಟು ಹಾಕದೆ, ಬಿಸಿಲಿಗಿಡದೆ, ಇದ್ದಂತೆಯೇ ಒಣ ಬಟ್ಟೆಯಲ್ಲಿ ಸುತ್ತಿ ಬಲ್ಲವರಿಗೆ ತಿಳಿಸಬೇಕು. ದೇಮಿಯಕ್ಕ, ಮಲ್ಲಿಕಬ್ಬೆಯರು ಕೊಟ್ಟ ಶಾಸ್ತ್ರದಾನಕ್ಕೆ ನಾವು ಸಲ್ಲಿಸಬಹುದಾದ ಪ್ರತಿದಾನ ಇದು.