ಗಣಕದೊಳಗಿನ ಗಣಕಕ್ಕೆ ಪರವಾನಗಿ ಯಾವುದು?

ನಿಮ್ಮ ಹೊಸ ಗಣಕದೊಂದಿಗೆ ವಿಂಡೋಸ್ ಬಂದಿದ್ದರೆ, ನೀವು ಕೊಂಡದ್ದು ಆ ತಂತ್ರಾಂಶವನ್ನಲ್ಲ; ಅದನ್ನು ಆ ಒಂದು ಗಣಕದಲ್ಲಿ ಬಳಸುವ ಪರವಾನಗಿಯನ್ನು. ಹಾಗಾದರೆ ಆ ಗಣಕದೊಳಗೇ ಇನ್ನೊಂದು ಗಣಕವಿದ್ದರೆ?

ಇದು ಒಗಟಲ್ಲ. ನಿಜವಾದ ಗಣಕದ ಪ್ರೊಸೆಸರ್, ಸ್ಮೃತಿ, ಡಿಸ್ಕ್‌ಗಳನ್ನು ಹಂಚಿ, ಪ್ರತಿ ಪಾಲೂ ಒಂದು ಪೂರ್ಣ ಗಣಕದಂತೆ ವರ್ತಿಸುವ ಹಾಗೆ ಮಾಡುವ ತಂತ್ರಾಂಶಗಳಿವೆ. ಹೀಗೆ ಹುಟ್ಟುವುದೇ ವರ್ಚುಯಲ್ ಗಣಕ. ಐಬಿಎಂ ಕಂಪನಿ ತನ್ನ ದೊಡ್ಡ ಗಣಕಗಳಿಗಾಗಿ 1972ರಲ್ಲೇ ವಿಎಂ/370 ಎಂಬ ಇಂಥ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಅದಕ್ಕೆ ಪ್ರತ್ಯೇಕ ಬೆಲೆ ಇರಲಿಲ್ಲ. 1999ರಲ್ಲಿ ವಿಎಂವೇರ್ ಕಂಪನಿ ಇದೇ ಸೌಲಭ್ಯವನ್ನು ಸಾಮಾನ್ಯ ಪಿಸಿಗೆ ತಂದಾಗ ಮಾತ್ರ ಲೆಕ್ಕ ಕೆಟ್ಟಿತು. ಪರವಾನಗಿ ಎಣಿಸುತ್ತಿದ್ದುದು ಪೆಟ್ಟಿಗೆಗಳನ್ನು. ಈಗ ಒಂದೇ ಪೆಟ್ಟಿಗೆಯಲ್ಲಿ ಹತ್ತು ಗಣಕಗಳು!

ಮೈಕ್ರೋಸಾಫ್ಟ್ 2005ರಲ್ಲಿ ಸರ್ವರ್ 2003 ಆರ್2ರ ಎಂಟರ್‌ಪ್ರೈಸ್ ಆವೃತ್ತಿಯ ಒಂದು ಪರವಾನಗಿಗೆ ನಾಲ್ಕು ವರ್ಚುಯಲ್ ಗಣಕಗಳನ್ನು ಒಪ್ಪಿತು. ಆದರೆ 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಬೇರೆಯೇ ಕಥೆ. ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ ಆವೃತ್ತಿಗಳನ್ನು ವರ್ಚುಯಲ್ ಗಣಕದಲ್ಲಿ ಬಳಸಕೂಡದೆಂದು ಒಪ್ಪಂದವೇ ನಿಷೇಧಿಸಿತು. ಬಿಸಿನೆಸ್, ಅಲ್ಟಿಮೇಟ್ ಆವೃತ್ತಿಗಳಿಗೆ ಆ ತಡೆಯಿಲ್ಲ. ಅಮೆರಿಕದಲ್ಲಿ ಹೋಮ್ ಬೇಸಿಕ್‌ಗೆ 199 ಡಾಲರ್, ಬಿಸಿನೆಸ್‌ಗೆ 299. ತಮ್ಮ ಮ್ಯಾಕ್‌ನೊಳಗೆ ವಿಸ್ಟಾ ನಡೆಸಬಯಸಿದವರು ನೂರು ಡಾಲರ್ ಹೆಚ್ಚು ತೆರಬೇಕಾಯಿತು. ಕಂಪನಿ ಹೇಳಿದ ಕಾರಣ ಭದ್ರತೆ. ದುಬಾರಿ ಆವೃತ್ತಿಗೆ ಇಲ್ಲದ ಅಪಾಯ ಅಗ್ಗದ್ದಕ್ಕೆ ಮಾತ್ರ ಹೇಗೆ ಬಂತೋ! ವಾಸ್ತವವಾಗಿ ಹೋಮ್ ಆವೃತ್ತಿ ವರ್ಚುಯಲ್ ಗಣಕದಲ್ಲಿ ಸರಾಗವಾಗಿಯೇ ಓಡುತ್ತಿತ್ತು, ಅಡ್ಡಿಯಿದ್ದದ್ದು ಕಾಗದದಲ್ಲಿ. 2008ರ ಜನವರಿಯಲ್ಲಿ ಕಂಪನಿಯೇ ಆ ನಿಷೇಧವನ್ನು ತೆಗೆಯಿತು.

ಲಿನಕ್ಸ್ ತಿರುಳಿಗೆ ಈ ಎಣಿಕೆಯೇ ಇಲ್ಲ. 1992ರಿಂದ ಅದು ಜಿಪಿಎಲ್ ಪರವಾನಗಿಯಡಿ ಇದೆ; ಎಷ್ಟು ಪ್ರತಿಗಳನ್ನಾದರೂ ಓಡಿಸಬಹುದು. ಕೆಲವು ಕಂಪನಿಗಳು ಹಣ ಪಡೆಯುವುದು ಅದರ ನಿರ್ವಹಣಾ ಸೇವೆಗೆ.

ವಿಂಡೋಸ್ ಸರ್ವರ್ 2012ರಲ್ಲಿ ಸ್ಟ್ಯಾಂಡರ್ಡ್ ಮತ್ತು ಡೇಟಾಸೆಂಟರ್ ಆವೃತ್ತಿಗಳ ಸೌಲಭ್ಯಗಳು ಒಂದೇ. ವ್ಯತ್ಯಾಸವೆಲ್ಲ ಸಂಖ್ಯೆಯದು: ಮೊದಲನೆಯದಕ್ಕೆ ಎರಡು ವರ್ಚುಯಲ್ ಗಣಕಗಳು, ಎರಡನೆಯದಕ್ಕೆ ಮಿತಿಯಿಲ್ಲ. 2016ರ ಆವೃತ್ತಿಯಿಂದ ಎಣಿಕೆ ಪ್ರೊಸೆಸರ್‌ನಿಂದ ಅದರೊಳಗಿನ ಕೋರ್‌ಗಳಿಗೆ ಇಳಿಯಿತು. ನೀವೇ ಲೆಕ್ಕ ಹಾಕಿ ನೋಡಿ. 32 ಕೋರ್‌ಗಳ ಸರ್ವರ್‌ನಲ್ಲಿ ಎಂಟು ವರ್ಚುಯಲ್ ಗಣಕಗಳಿವೆ. ಎಲ್ಲ ಕೋರ್‌ಗಳಿಗೂ ಒಮ್ಮೆ ಸ್ಟ್ಯಾಂಡರ್ಡ್ ಪರವಾನಗಿ ಪಡೆದರೆ ಎರಡಕ್ಕೆ ಹಕ್ಕು. ಎಂಟಕ್ಕೆ ನಾಲ್ಕು ಸಲ, ಅಂದರೆ 128 ಕೋರ್‌ಗಳ ಬೆಲೆ.